ಯಜಮಾನರ ಖಾಸಗಿ ಮೆಟ್ಟಿಲು

ತಕ್ಕಡಿ ಮಾಡುವ ಕಂಪನಿಯ ಯಜಮಾನರಿಗೆ ಹೊಸ ಪ್ರಧಾನ ಕಚೇರಿ ಕಟ್ಟಿಸುವ ಹುಚ್ಚು ಹತ್ತಿತು. ಕೆಲಸ ಹಿಡಿದವಳು ಆಗಷ್ಟೇ ಸ್ವಂತ ಆಫೀಸು ತೆರೆದಿದ್ದ ಒಬ್ಬ ಎಂಜಿನಿಯರಮ್ಮ. ಕಟ್ಟಡದ ಜೀವವೆಲ್ಲ ಕೆಳಗಿನ ಪರೀಕ್ಷಾಲಯದಲ್ಲಿತ್ತು. ಉಸಿರು ತಾಗಿದರೂ ಲೆಕ್ಕ ತಪ್ಪುವಂಥ, ಔಷಧ ತೂಗುವ ನಾಜೂಕು ತಕ್ಕಡಿಗಳನ್ನು ಪರೀಕ್ಷಿಸುವ ಜಾಗ ಅದು. ಅದಕ್ಕೆಂದೇ ಆಕೆ ಆ ಕೋಣೆಗೆ ಪ್ರತ್ಯೇಕ ತಳಪಾಯ ಹಾಕಿಸಿ, ಸುತ್ತಲೂ ಬೆರಳಗಲ ಸಂದು ಬಿಡಿಸಿದ್ದಳು. ಹೊರಗೆ ಲಾರಿ ಹೋಗಲಿ, ಪಕ್ಕದಲ್ಲಿ ಲಿಫ್ಟು ಇಳಿಯಲಿ, ಒಳಗೆ ನಡುಕ ಸುಳಿಯಬಾರದು.

ಎಲ್ಲ ಮುಗಿಯುವ ಹೊತ್ತಿಗೆ ಯಜಮಾನರು ಹೊಸ ರಾಗ ತೆಗೆದರು. ಮೇಲಿನ ತಮ್ಮ ಕೋಣೆಯಿಂದ ನೇರವಾಗಿ ಪರೀಕ್ಷಾಲಯಕ್ಕೆ ಇಳಿಯಲು ಕಬ್ಬಿಣದ ಸುರುಳಿ ಮೆಟ್ಟಿಲು ಬೇಕಂತೆ.

"ಬೇಡ ಸರ್. ಮೇಲಿನ ಅಲುಗಾಟ ಎಲ್ಲಾ ಅದರಲ್ಲೇ ಇಳಿದು ಬರುತ್ತೆ."

"ಮೇಲೆ ಅಲುಗಾಡೋಕೆ ಯಾರಿದ್ದಾರಮ್ಮ? ನಾನೊಬ್ಬ ತಾನೆ ಕೂತಿರೋದು!"

ಹಿಂದಿನ ಎಂಜಿನಿಯರು ಎದುರು ಮಾತಾಡಿ ಕೆಲಸ ಕಳೆದುಕೊಂಡಿದ್ದ. ಈಕೆ ಹಲ್ಲು ಕಚ್ಚಿಕೊಂಡು, ವೆಲ್ಡರನ್ನು ಕರೆಸಿ ಮೆಟ್ಟಿಲು ಹಾಕಿಸಿದಳು.

ತಪಾಸಣೆಯ ಅಧಿಕಾರಿ ಬಂದ ದಿನ ತಕ್ಕಡಿಯ ಪರದೆಯಲ್ಲಿ ಕೊನೆಯ ಅಂಕಿ ನಿಲ್ಲಲೇ ಇಲ್ಲ. ಏರಿತು, ಇಳಿಯಿತು, ಮತ್ತೆ ಏರಿತು. ಅಧಿಕಾರಿ ಹುಬ್ಬು ಗಂಟಿಕ್ಕಿದರು. ಪ್ರಮಾಣಪತ್ರ ಸಿಗದಿದ್ದರೆ ಪರೀಕ್ಷಾಲಯಕ್ಕೆ ಬೀಗ, ತನಗೆ ಇನ್ನೊಂದು ಕೆಲಸ ಕನಸಿನ ಮಾತು ಎಂದುಕೊಂಡಳು ಎಂಜಿನಿಯರಮ್ಮ. ತಲೆಯೆತ್ತಿದಳು. ಮೇಲೆ, ಮೆಟ್ಟಿಲ ತುದಿಗೇ ಕುರ್ಚಿ ಹಾಕಿಕೊಂಡು ಯಜಮಾನರು ಇಣುಕುತ್ತಿದ್ದರು. ಪಕ್ಕದಲ್ಲಿ ಕಟ್ಟಡ ನೋಡಲು ಬಂದಿದ್ದ ಅವರ ತಾಯಿ. ಯಜಮಾನರ ಬಲಗಾಲು ಹೊಲಿಗೆ ಯಂತ್ರ ತುಳಿಯುವ ಹಾಗೆ ಒಂದೇ ಸಮನೆ ಕುಣಿಯುತ್ತಿತ್ತು.

ಓಡಿ ಮೇಲೆ ಹತ್ತಿದಳು. ಯಜಮಾನರ ಮುಖ ನೋಡುತ್ತಲೇ ಹಿಂದಿನ ಎಂಜಿನಿಯರನ ಗತಿ ನೆನಪಾಯಿತು. ಸೀದಾ ಹೋಗಿ ತಾಯಿಯ ಕಿವಿಯಲ್ಲಿ ಉಸುರಿದಳು.

ತಾಯಿ ಮಗನ ತೊಡೆಗೆ ಪಟ್ಟನೆ ಒಂದು ಬಿಟ್ಟರು. "ಕಾಲು ನಿಲ್ಲಿಸೋ! ಸ್ಕೂಲಲ್ಲೂ ಪರೀಕ್ಷೆ ಅಂದ್ರೆ ಹೀಗೇ ಬೆಂಚು ಅಲ್ಲಾಡಿಸ್ತಿದ್ದೆ. ಅಷ್ಟೊಂದು ಭಯಾನಾ ನಿಂಗೆ?"

ಮೀಸೆ ಹಣ್ಣಾದ ಯಜಮಾನರು ತಲೆ ತಗ್ಗಿಸಿ, ಹೌದೆಂದು ಗೋಣು ಹಾಕಿದರು. ಅವರನ್ನು ಕಂಡು ಎಂಜಿನಿಯರಮ್ಮನಿಗೆ ಮೊದಲ ಸಲ ಅಯ್ಯೋ ಪಾಪ ಅನ್ನಿಸಿತು. ತಾಯಿ ಮಗನ ಮೊಣಕಾಲ ಮೇಲೆ ಕೈ ಇಟ್ಟು ಕೂತರು.

"ನಿಂತಿತು!" ಎಂದು ಕೆಳಗಿನಿಂದ ಅಧಿಕಾರಿ ಕೂಗಿದರು. ಆಮೇಲೆ ಮೇಲೆ ಬಂದು ನಡೆದದ್ದೆಲ್ಲ ಕೇಳಿ ನಕ್ಕರು. "ಆದ್ರೆ ಪ್ರಮಾಣಪತ್ರದಲ್ಲಿ ನಿಮ್ಮ ತಾಯಿನ ಸೇರಿಸೋಕಾಗಲ್ಲ ಸ್ವಾಮಿ. ಮೆಟ್ಟಿಲು ತೆಗೆಸಿ, ಮತ್ತೆ ನೋಡಿ ಸಹಿ ಹಾಕ್ತೀನಿ."

"ಮೆಟ್ಟಿಲು ಇರಲಿ ಸಾರ್, ಆಸೆಪಟ್ಟು ಮಾಡಿಸಿದ್ದು. ಇನ್ಮೇಲೆ ಕಾಲು ಅಲ್ಲಾಡಿಸಲ್ಲ, ಆಣೆ!"

"ಇವನ ಆಣೆ ನಂಬಬೇಡಿ," ಎಂದರು ತಾಯಿ. "ಮೆಟ್ಟಿಲೂ ಇರಲಿ, ನಾನೂ ಇರ್ತೀನಿ. ದಿನಾ ಇವನ ಜೊತೇಲೇ ಬಂದು ಇಲ್ಲೇ ಪಕ್ಕದಲ್ಲಿ ಕೂತ್ಕೋತೀನಿ. ಮನೇಲಿ ನಂಗೂ ಹೊತ್ತು ಹೋಗಲ್ಲ. ಲೋ, ಮೀಟಿಂಗ್ ಅಂತೀಯಲ್ಲ, ಅದು ಎಷ್ಟೊತ್ತಿಗೆ?"

ಯಜಮಾನರ ಮುಖದ ಬಣ್ಣ ಇಳಿಯಿತು. ಎಂಜಿನಿಯರಮ್ಮನನ್ನು ಮೂಲೆಗೆ ಕರೆದು, ದನಿ ತಗ್ಗಿಸಿ ಕೇಳಿದರು:

"ವೆಲ್ಡರ್ ಇನ್ನೂ ಊಟಕ್ಕೆ ಹೋಗಿಲ್ಲ ತಾನೆ?"