ಮಾಸ್ಟರ್ ಮೇಜು ಸುತ್ತಲಿಲ್ಲ

ಪ್ಯಾಂಟಿನ ಎರಡು ಮುಂಭಾಗಗಳನ್ನು ಪಕ್ಕಪಕ್ಕ ಇಟ್ಟೆ. ಎರಡೂ ಒಂದೇ ಕಡೆಗೆ ಮುಖ ಮಾಡಿದ್ದವು. ಒಂದನ್ನು ತಿರುಗಿಸಿದರೆ ಆಕಾರ ಹೊಂದಿತು, ಆದರೆ ಬಟ್ಟೆಯ ಒಳಮೈ ಮೇಲೆ ಬಂತು. ಮತ್ತೊಮ್ಮೆ ತಿರುಗಿಸಿ ನೋಡಿ ಕೈಬಿಟ್ಟೆ. ಮಾವ ಎರಡೂ ಎಡಗಾಲನ್ನೇ ಕತ್ತರಿಸಿದ್ದರು.

ನಲವತ್ತೊಂದು ವರ್ಷ ಕತ್ತರಿ ಹಿಡಿದ ಕೈ ಅದು. ಬೀದಿಯಲ್ಲಿ ಎಲ್ಲರಿಗೂ ಅವರು ಮಾಸ್ಟರ್. ಹೊಲಿಯುವವರು ಕೂತು ಹೊಲಿಯಬಹುದು, ಕತ್ತರಿಸುವವರು ನಿಂತೇ ಕತ್ತರಿಸಬೇಕು. ಭುಜದಿಂದ ಕೈ ಓಡದಿದ್ದರೆ ಗೆರೆ ಅಲುಗುತ್ತದೆ ಎನ್ನುತ್ತಾರೆ. ನಮ್ಮ ಅಂಗಡಿಯ ನಡುಮಧ್ಯೆ ಕಟಿಂಗ್ ಮೇಜು ಇರುವುದು ಅದಕ್ಕಾಗಿಯೇ. ಹಾಸಿದ ಬಟ್ಟೆಯನ್ನು ಅಲುಗಿಸಬಾರದು, ಮನುಷ್ಯನೇ ಸುತ್ತ ನಡೆಯಬೇಕು. ಈ ಗಿರಾಕಿಯ ಬಟ್ಟೆ ಸ್ವಲ್ಪ ಕಡಿಮೆ ಇತ್ತು. ಮಡಚಿ ಎರಡು ಪದರವನ್ನು ಒಟ್ಟಿಗೆ ಕತ್ತರಿಸಲು ಬರುವಂತಿರಲಿಲ್ಲ. ಒಂದು ಕಾಲಿಗೆ ಗೆರೆ ಎಳೆದು, ರಟ್ಟಿನ ಅಚ್ಚನ್ನು ಮಗುಚಿ, ಮೇಜಿನ ಆ ಕಡೆಗೆ ಹೋಗಿ ಇನ್ನೊಂದಕ್ಕೆ ಗೆರೆ ಎಳೆಯಬೇಕಿತ್ತು. ಆರು ಹೆಜ್ಜೆ. ಅವರು ನಿಂತಲ್ಲಿಯೇ ಅಚ್ಚನ್ನು ಮಗುಚದೆ ಸರಿಸಿ ಕತ್ತರಿಸಿಬಿಟ್ಟಿದ್ದರು.

ಆ ಆರು ಹೆಜ್ಜೆಯನ್ನು ಯಾಕೆ ಉಳಿಸಿದರು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿಯಿತು. ಮೂರು ತಿಂಗಳಿಗೊಂದು ಇಂಜೆಕ್ಷನ್. ಅದು ಗಂಡಸಿನ ಹಾರ್ಮೋನನ್ನು ಬತ್ತಿಸುತ್ತದೆ, ಆಗ ರೋಗಕ್ಕೆ ಮೇವು ಸಿಗುವುದಿಲ್ಲ ಎಂದು ಡಾಕ್ಟರು ವಿವರಿಸಿದ್ದರು. ರಕ್ತಪರೀಕ್ಷೆಯ ಅಂಕಿ ಚೆನ್ನಾಗಿಯೇ ಇಳಿಯಿತು. ಆದರೆ ನಾಲ್ಕು ತಿಂಗಳಿಂದ ಅವರ ಕಾಲು ಕೂಡ ಬತ್ತುತ್ತಿತ್ತು. ಅಂಗಡಿಯ ಮೇಲೆಯೇ ನಮ್ಮ ಮನೆ. ಮೆಟ್ಟಿಲ ನಡುವಿನ ಕಿಟಕಿಯ ಬಳಿ ಅವರು ಬೀದಿ ನೋಡುವವರಂತೆ ನಿಲ್ಲುತ್ತಿದ್ದರು; ಬೀದಿಯಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ. ಕತ್ತರಿಸುವಾಗ ಹೊಟ್ಟೆಯನ್ನು ಮೇಜಿನ ಅಂಚಿಗೆ ಒತ್ತಿ ಭಾರ ಹಾಕುತ್ತಿದ್ದರು. ಒಗೆಯಲು ಹಾಕಿದ ಅವರ ಪ್ಯಾಂಟನ್ನು ಒಂದು ದಿನ ತಿರುವಿ ನೋಡಿದೆ. ಸೊಂಟವನ್ನು ಎರಡು ಬೆರಳು ಬಿಚ್ಚಿ, ತೊಡೆಯನ್ನು ಅಷ್ಟೇ ಹಿಡಿದು, ಯಾರಿಗೂ ಹೇಳದೆ ತಾವೇ ಹೊಲಿದುಕೊಂಡಿದ್ದರು. ಹೊಸ ದಾರ ಹೊಳೆಯುತ್ತಿತ್ತು.

ನನ್ನ ಹೆದರಿಕೆ ಬೇರೆ ಇತ್ತು. ಈ ರೋಗ ಬೆನ್ನುಮೂಳೆಗೆ ಇಳಿದರೂ ಕಾಲು ಹೀಗೆಯೇ ಸೋಲುತ್ತದೆ, ತಡ ಮಾಡಿದರೆ ಮತ್ತೆ ಏಳುವುದಿಲ್ಲ ಎಂದು ಓದಿದ್ದೆ. ಓದಿದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎನ್ನುವಷ್ಟು ಮೂಢಳಲ್ಲ ನಾನು, ಆದರೂ ಹೇಳಿರಲಿಲ್ಲ.

ಅತ್ತೆ ತೀರಿಕೊಂಡು ಆರು ವರ್ಷ. ನನ್ನ ಗಂಡ ದೂರದೂರುಗಳಿಗೆ ಬಸ್ ಓಡಿಸುವವರು. ವಾರಕ್ಕೆ ಎರಡು ದಿನ ಮನೆಯಲ್ಲಿ, ಅದರಲ್ಲಿ ಒಂದೂವರೆ ದಿನ ನಿದ್ದೆ. ಹಾಗಾಗಿ ಆಸ್ಪತ್ರೆಯ ಫೈಲು ನನ್ನ ಪಾಲಿಗೆ ಬಂತು. ಪ್ರತಿ ಸಲವೂ ಮಾವನ ಪಕ್ಕದ ಕುರ್ಚಿಯಲ್ಲಿ ಫೈಲನ್ನು ತೊಡೆಯ ಮೇಲಿಟ್ಟು ಕೂರುತ್ತಿದ್ದೆ. "ಹೇಗಿದ್ದೀರಿ?" ಎಂದು ಡಾಕ್ಟರು ಕೇಳಿದರೆ ಮಾವ "ಪರವಾಗಿಲ್ಲ" ಎನ್ನುತ್ತಿದ್ದರು. "ಮೂತ್ರ?" "ಪರವಾಗಿಲ್ಲ." "ಬೆನ್ನು, ಕಾಲು?" ಅದಕ್ಕೂ ಅದೇ ಉತ್ತರ. ಕಳೆದ ಸಲ ನಾನು ನಡುವೆ ಬಾಯಿ ಹಾಕಿ, "ಕಾಲು ನೋಯುತ್ತೆ ಡಾಕ್ಟ್ರೇ, ಮೆಟ್ಟಿಲು ಹತ್ತೋಕೆ ಕಷ್ಟಪಡ್ತಾರೆ" ಎಂದಿದ್ದೆ. ಮಾವ ನಕ್ಕು, "ಅರವತ್ತೆಂಟಕ್ಕೆ ಇನ್ನೇನು ಓಡೋಕಾಗುತ್ತಾ" ಎಂದರು. ಡಾಕ್ಟರೂ ನಕ್ಕರು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಮನೆಗೆ ಬಂದ ಮೇಲೆ ಮಾವ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಆ ದಿನ ನನ್ನ ಮುಂದಿದ್ದ ಎರಡು ಎಡಗಾಲನ್ನು ಕಂಡು ಬಾಯಿಬಿಟ್ಟವನು ರೇಡಿಯೋ. ಮಾವನ ಜೊತೆ ಮೂವತ್ತು ವರ್ಷದಿಂದ ಶರ್ಟು ಹೊಲಿಯುತ್ತಿರುವವನು. ಮೆಷಿನ್ನು ನಿಂತರೂ ಅವನ ಬಾಯಿ ನಿಲ್ಲದ್ದರಿಂದ ಆ ಹೆಸರು.

"ಏನ್ ಮಾಸ್ಟ್ರೇ, ಗಿರಾಕಿಗೆ ಎರಡೂ ಎಡಗಾಲು ಅಂತ ಅಳತೆ ಪುಸ್ತಕದಲ್ಲಿ ಬರ್ಕೊಂಡಿದ್ರಾ?"

ಮಾವ ಹತ್ತಿರ ಬಂದು ತುಂಡುಗಳನ್ನು ನೋಡಿದರು. ಮಡಚಿದರು. ಬಿಚ್ಚಿ ಮತ್ತೆ ಮಡಚಿದರು.

"ಬಟ್ಟೆ ನಾನೇ ಹುಡುಕಿ ತರ್ತೀನಿ. ಗಿರಾಕಿ ಬಂದ್ರೆ ತಪ್ಪು ಮಾಸ್ಟರ್‌ದು ಅಂತ ಹೇಳಿ" ಎಂದು ಮೆಟ್ಟಿಲು ಹತ್ತಿ ಹೋದರು. ಹೆಜ್ಜೆ ಸದ್ದು ಕಿಟಕಿಯ ಬಳಿ ನಿಂತಿತು. ತುಂಬ ಹೊತ್ತಿನ ಮೇಲೆ ಮತ್ತೆ ಕೇಳಿಸಿತು.

"ತಾಯೀ, ಒಂದು ಮಾತು ಹೇಳ್ತೀನಿ, ಬೈಬೇಡ" ಎಂದ ರೇಡಿಯೋ. "ನಿನ್ನೆದುರಿಗೆ ಆ ಮನುಷ್ಯ ಬಾಯಿ ಬಿಡೋದಿಲ್ಲ."

"ಅಂದ್ರೆ?"

"ಆ ಡಾಕ್ಟ್ರು ಕೇಳೋ ಪ್ರಶ್ನೆಗಳಾದ್ರೂ ಎಂಥವು? ಒಂದಾದ್ರೂ ಮರ್ಯಾದಸ್ಥ ಪ್ರಶ್ನೆ ಇದ್ಯಾ? ಪಕ್ಕದಲ್ಲಿ ಸೊಸೆ ಫೈಲು ಹಿಡ್ಕೊಂಡು ಪರೀಕ್ಷೆಗೆ ಬಂದೋಳ ಹಾಗೆ ಕೂತಿದ್ರೆ ಯಾವ ಮಾವ ಉತ್ತರ ಹೇಳ್ತಾನೆ?"

"ನಾನು ಇಲ್ದಿದ್ರೆ ಅವರು ಏನೂ ಹೇಳೋದೇ ಇಲ್ಲ."

"ನೀನಿದ್ದಾಗ ಏನ್ ಹೇಳಿದ್ದಾರೆ?"

ನನಗೆ ಸಿಟ್ಟು ಬಂತು. ಒಂದು ಗುಂಡಿ ಹೊಲಿಯಲು ಮೂರು ಸಲ ದಾರ ಪೋಣಿಸಬೇಕಾಯಿತು. ಹದಿನಾಲ್ಕು ತಿಂಗಳು ನಿದ್ದೆಗೆಟ್ಟು ಕಾವಲು ಕಾದವಳು ನಾನು. ಆ ಕಾವಲೇ ಅಡ್ಡಗೋಡೆ ಎಂದು ಇವನು ಹೇಳುತ್ತಾನೆ. ಇನ್ನಷ್ಟು ಸಿಟ್ಟು ಬಂದದ್ದು, ಅವನ ಮಾತು ನಿಜವೆಂಬುದಕ್ಕೆ.

ಮರುದಿನವೇ ಇಂಜೆಕ್ಷನ್ ಇತ್ತು. ಆಸ್ಪತ್ರೆಯ ಹಜಾರ ಉದ್ದ. ಬಾಗಿಲಲ್ಲಿ ವೀಲ್‌ಚೇರ್ ತಂದವನಿಗೆ ಮಾವ, "ಅದು ನಡೆಯೋಕಾಗದವರಿಗೆ ಇರಲಿ ಬಿಡಪ್ಪ" ಎಂದರು. ಗೋಡೆಯ ಪಕ್ಕಕ್ಕೆ, ತಾಗಿದಂತೆಯೂ ಅಲ್ಲ ತಾಗದಂತೆಯೂ ಅಲ್ಲ, ನಡೆದರು. ನಾನು ಎರಡು ಹೆಜ್ಜೆ ಹಿಂದೆ. ಎಡಗಾಲಿನ ಚಪ್ಪಲಿ ನೆಲವನ್ನು ಕೆರೆಯುತ್ತಿತ್ತು. ಹೋದ ಸಲ ಹಾಗಿರಲಿಲ್ಲ.

ಟೋಕನ್ ಸಂಖ್ಯೆ ಕೂಗಿದಾಗ ಕುರ್ಚಿಯ ಎರಡೂ ಕೈಗಳನ್ನು ಒತ್ತಿ ಎದ್ದರು. ಮೊದಲ ಸಲಕ್ಕೆ ಆಗಲಿಲ್ಲ, ಎರಡನೆಯದಕ್ಕೆ ಎದ್ದರು. ನಾನೂ ಎದ್ದೆ. ಕೋಣೆಯ ಬಾಗಿಲಲ್ಲಿ ಫೈಲನ್ನು ಅವರ ಕೈಗಿಟ್ಟೆ.

"ನೀವು ಹೋಗ್ಬನ್ನಿ ಮಾವ. ನಾನು ಇಲ್ಲೇ ಕೂತಿರ್ತೀನಿ."

"ಯಾಕೆ?"

ಬೆಳಿಗ್ಗೆಯಿಂದ ನಾಲ್ಕು ವಾಕ್ಯಗಳನ್ನು ಯೋಚಿಸಿಟ್ಟಿದ್ದೆ. ಅವನ್ನೆಲ್ಲ ಬಿಟ್ಟುಬಿಟ್ಟೆ.

"ಕಾಲಿನದು ಹೇಳಿ. ಬೇರೆ ಏನಿದ್ರೂ ಎಲ್ಲಾ ಹೇಳಿ. ಆಮೇಲೆ ಏನು ಹೇಳಿದ್ರಿ ಅಂತ ನಾನು ಕೇಳಲ್ಲ."

ಅವರು ನನ್ನ ಮುಖ ನೋಡಿದರು. ಹಿಂದಿನಿಂದ ನರ್ಸ್, "ಬೇಗ ಒಳಗೆ ಹೋಗಿ ತಾತ" ಎಂದಳು. ಬಾಗಿಲು ಮುಚ್ಚಿತು.

ಸಾಮಾನ್ಯವಾಗಿ ಐದು ನಿಮಿಷ ಸಾಕು. ಹತ್ತಾಯಿತು. ತೊಡೆಯ ಮೇಲೆ ಫೈಲಿಲ್ಲದೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ರಕ್ತಪರೀಕ್ಷೆಯ ಕಾಗದ ಯಾವ ಪುಟದಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ. ಎಡಗಾಲೇ ಹೆಚ್ಚು ಸೋತಿದೆ ಎನ್ನುವುದನ್ನು ಮರೆತರೆ? ಹದಿನೈದು ನಿಮಿಷ. ನರ್ಸ್ ಒಳಗೆ ಹೋದಳು. ಬಾಗಿಲ ಸಂದಿಯಲ್ಲಿ ಮಂಚದಿಂದ ಇಳಿಬಿದ್ದ ಮಾವನ ಬರಿಗಾಲು ಕಂಡಿತು. ಮೊಣಕಾಲಿನ ಮೇಲೆ ತೊಡೆಯೇ ಇಲ್ಲದಷ್ಟು ಸಣ್ಣಗಾಗಿತ್ತು. ಡಾಕ್ಟರು ಬಗ್ಗಿ ಅಂಗಾಲಿಗೆ ಏನೋ ತಾಗಿಸುತ್ತಿದ್ದರು. ನಾನು ಮುಖವನ್ನು ಈ ಕಡೆಗೆ ತಿರುಗಿಸಿಕೊಂಡೆ. ಎದುರಿನ ಗೋಡೆಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಇತ್ತು. ಅದರ ಮೇಲೆ ಬರೆದದ್ದನ್ನೆಲ್ಲ ಓದಿದೆ.

ಇಪ್ಪತ್ತೆರಡು ನಿಮಿಷಕ್ಕೆ ಬಾಗಿಲು ತೆರೆಯಿತು. ಮಾವ ವೀಲ್‌ಚೇರಿನಲ್ಲಿ ಕೂತಿದ್ದರು. ನಾನು ಎದ್ದು ಹತ್ತಿರ ಹೋದೆ.

"ಸ್ಕ್ಯಾನ್ ಕಟ್ಟಡ ದೂರವಂತೆ. ಇವತ್ತೇ ಆಗಬೇಕಂತೆ, ಬೆನ್ನಿಂದು" ಎಂದರು. ಮತ್ತೆ, ಯಾವತ್ತೂ ಹೇಳದ್ದನ್ನು ಹೇಳಿದರು: "ತಳ್ಳು."

ತಳ್ಳಿದೆ. ನನಗೆ ಕಾಣುತ್ತಿದ್ದುದು ಅವರ ನೆತ್ತಿಯಷ್ಟೇ. ಕೂದಲು ಬೆವರಿಗೆ ಅಂಟಿತ್ತು. ಆ ಇಂಜೆಕ್ಷನ್ನಿನಿಂದ ಹೊತ್ತಿಲ್ಲದ ಹೊತ್ತಲ್ಲಿ ಮೈ ಬಿಸಿಯಾಗುತ್ತದೆ. ಏನು ಹೇಳಿದಿರಿ ಎಂಬ ಪ್ರಶ್ನೆ ಹಲ್ಲಿನ ಹಿಂದೆಯೇ ಇತ್ತು. ಅಲ್ಲಿಯೇ ಇಟ್ಟುಕೊಂಡೆ.

ಸ್ಕ್ಯಾನ್ ಮುಗಿದು ಡಾಕ್ಟರು ಮತ್ತೆ ಕರೆದಾಗ ನಾಲ್ಕು ಗಂಟೆ. ಮಾವ ತಾವಾಗಿಯೇ, "ಬಾ, ಇದನ್ನು ನೀನೂ ಕೇಳು" ಎಂದರು.

ಡಾಕ್ಟರಿಗೂ ದಣಿವಾಗಿತ್ತು. ಕನ್ನಡಕ ತೆಗೆದು ಕಣ್ಣೊತ್ತಿಕೊಂಡು ಹೇಳಿದರು: "ಬೆನ್ನುಮೂಳೆಯಲ್ಲಿ ಏನೂ ಇಲ್ಲ. ನರಕ್ಕೆ ಒತ್ತಡ ಇಲ್ಲ. ಇದು ಮಾಂಸಖಂಡದ್ದು. ಹಾರ್ಮೋನ್ ಇಲ್ದಿದ್ರೆ ತೊಡೆ ಕರಗುತ್ತೆ, ಕೀಲು ನೋಯುತ್ತೆ. ಮೊದಲೇ ಹೇಳಿದ್ರೆ ಇಷ್ಟು ಕರಗೋಕೆ ಬಿಡ್ತಿರಲಿಲ್ಲ."

"ಹಾಗಾದ್ರೆ ಇಂಜೆಕ್ಷನ್ ನಿಲ್ಲಿಸ್ತೀರಾ?" ಎಂದೆ.

"ಇಲ್ಲ. ಅದು ಬೇಕೇ ಬೇಕು. ಕಾಲನ್ನ ನಾವು ಬೇರೆ ದಾರಿಯಲ್ಲಿ ನೋಡ್ಕೋಬೇಕು. ಮೂಳೆ ಸವೆದಿದೆಯಾ ಅಂತ ಒಂದು ಪರೀಕ್ಷೆ ಬರೀತೀನಿ. ಕ್ಯಾಲ್ಸಿಯಂ ಕೊಡ್ತೀನಿ. ಮುಖ್ಯವಾಗಿ ವ್ಯಾಯಾಮ, ದಿನಾ." ಮಾವನ ಕಡೆ ತಿರುಗಿದರು. "ಮೊದಲಿನ ಕಾಲು ಬರುತ್ತೆ ಅಂತ ನಾನು ಹೇಳಲ್ಲ ಮಾಸ್ಟ್ರೇ. ಇರೋದನ್ನ ಉಳಿಸ್ಕೊಂಡು ಒಂದಿಷ್ಟು ಸೇರಿಸೋಣ."

ನನಗೆ ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಅಲ್ಲೇ ಮಲಗಿಬಿಡಬೇಕು ಅನ್ನಿಸಿತು, ಅಷ್ಟೆ.

ಈಗ ಹತ್ತು ದಿನವಾಯಿತು. ವ್ಯಾಯಾಮ ಹೇಳಿಕೊಟ್ಟ ಹೆಂಗಸು ಮೊದಲು ಕೊಟ್ಟದ್ದು ಒಂದೇ: ಕೈ ಊರದೆ ಕುರ್ಚಿಯಿಂದ ಎದ್ದು ಮತ್ತೆ ಕೂರುವುದು, ಒಂದು ಸಲಕ್ಕೆ ಹತ್ತು. ಮಾವ ಅದನ್ನು ಅಂಗಡಿಯಲ್ಲಿ ಮಾಡುವುದು ರೇಡಿಯೋ ಊಟಕ್ಕೆ ಹೋದ ಮೇಲೆ, ಮುಂಬಾಗಿಲನ್ನು ಅರ್ಧ ಎಳೆದು. ಇವತ್ತು ಕುರ್ಚಿಯನ್ನು ಗೋಡೆಗೆ ಒರಗಿಸಿ ಕೂತರು. ಕೈಗಳನ್ನು ಎದೆಗೆ ಕಟ್ಟಿಕೊಂಡು ನನ್ನತ್ತ ನೋಡಿದರು.

"ಏನಮ್ಮ, ನೋಡ್ತಾ ಕೂರ್ತೀಯಾ?"

"ಬಿದ್ದರೆ?"

"ಬಿದ್ದರೆ ಸದ್ದಾಗುತ್ತೆ. ಆ ಕಡೆ ತಿರುಗು."

ತಿರುಗಿದೆ. ಎದುರಿಗೆ ನೂಲುಂಡೆಗಳ ಕಪಾಟು. ಕೈಯಲ್ಲಿ ಒಂದು ಶರ್ಟಿನ ತೋಳಿನ ಅಂಚು. ಕುರ್ಚಿ ಕಿರ್ ಎಂದಿತು.

"ಒಂದು" ಎಂದರು. ಉಸಿರು ಕೇಳಿಸಿತು. ಮತ್ತೆ ಕುರ್ಚಿ. "ಎರಡು."

ಮೂರಕ್ಕೆ ತಡವಾಯಿತು. ನಾಲ್ಕಕ್ಕೆ ಮೊದಲು ಎಷ್ಟು ಹೊತ್ತು ಏನೂ ಕೇಳಿಸಲಿಲ್ಲವೆಂದರೆ ನನ್ನ ಸೂಜಿ ಬಟ್ಟೆಯಲ್ಲಿಯೇ ನಿಂತಿತು. ಕತ್ತು ತಾನಾಗಿ ಹೊರಳಲು ನೋಡಿತು. ಬಿಳಿ ನೂಲು, ಕಂದು ನೂಲು, ಬೂದು ನೂಲು.

"ನಾಲ್ಕು." ಧಪ್ಪನೆ ಕೂತ ಸದ್ದು. "ಇವತ್ತಿಗೆ ಆಗಲ್ಲಮ್ಮ. ತೊಡೆ ನಡುಗ್ತಾ ಇದೆ."

ಹತ್ತು ಮಾಡಬೇಕಂತೆ ಎಂದು ನಾನು ಹೇಳಲಿಲ್ಲ. ನೋಯುತ್ತದೆ, ನಡುಗುತ್ತದೆ ಎಂದು ಅವರು ನನಗೇ ಹೇಳಿದ್ದು ಇದೇ ಮೊದಲು.

"ಸಾಕು ಬಿಡಿ ಮಾವ" ಎಂದೆ, ಕಪಾಟಿನತ್ತಲೇ ಮುಖ ಮಾಡಿ. "ತಿರುಗ್ಲಾ?"

"ಇನ್ನೊಂದು ನಿಮಿಷ ಇರು" ಎಂದರು. ಅವರ ಉಸಿರು ನಿಧಾನಕ್ಕೆ ಹದಕ್ಕೆ ಬರುವವರೆಗೂ ನಾನು ತೋಳಿನ ಅಂಚನ್ನು ಹೊಲಿಯುತ್ತಾ ಕೂತೆ.