ಎದುರು ಬೆಂಚಿನವಳು

ತಂಗಿ ಪಕ್ಕೆಲುಬಿನ ಕೆಳಗೆ ನೋವು ಬಂದಾಗಲೆಲ್ಲ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡುತ್ತಿದ್ದಳು. ಅಲ್ಲಿನವರು ಅವಳಿಗೆ ‘ತವರಿನವಳು’ ಎಂದು ಹೆಸರಿಟ್ಟಿದ್ದರು. ಅವಳು ಬಾಗಿಲಲ್ಲಿ ಕಂಡರೆ ಸಾಕು, ಹಗಲು ಪಾಳಿಯ ಡಾಕ್ಟರು, “ಬಂದ್ಲಪ್ಪ, ತವರುಮನೆ ನೆನಪಾಯ್ತು!” ಎನ್ನುತ್ತಿದ್ದ. ಸುತ್ತಲಿದ್ದವರು ನಗುತ್ತಿದ್ದರು. ಕೊನೆಯ ಸಲ ಬೆವರಿ ನೀರಾಗಿ, ಸೊಂಟ ಬಗ್ಗಿಸಿಕೊಂಡು ಅಕ್ಕನ ಜೊತೆ ಬಂದಳು. ಆತ ಕುರ್ಚಿಯಿಂದ ಏಳಲಿಲ್ಲ. “ಗ್ಯಾಸು ಅಷ್ಟೇ. ಮನೇಲಿ ಜಗಳ ಗಿಗಳ ಆಯ್ತಾ?” ಎಂದು ಮಾತ್ರೆ ಬರೆದ. ಮಾರನೆಯ ದಿನ ಬೇರೊಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿದರೆ ಪಿತ್ತಕೋಶ ಕೊಳೆತು ಒಡೆದಿತ್ತು. ತಂಗಿ ಉಳಿಯಲಿಲ್ಲ.

ಅಕ್ಕ ಬಸ್ ಕಂಡಕ್ಟರು. ದೂರು ಕೊಟ್ಟಳು. “ವಿಚಾರಣೆ ನಡೀತಾ ಇದೆ” ಎಂಬ ಮಾತು ಕೇಳಿ ಕೇಳಿ ಕಿವಿ ತೂತಾಯಿತು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ, ಸಮವಸ್ತ್ರದಲ್ಲೇ ಹೋಗಿ ತುರ್ತು ವಿಭಾಗದ ಮಂಚದ ಮೇಲೆ ಮಲಗಿದಳು. “ಇಲ್ಲಿ ನೋವು” ಎಂದು ತಂಗಿ ತೋರಿಸುತ್ತಿದ್ದ ಜಾಗವನ್ನೇ ತೋರಿಸಿದಳು. ಡಾಕ್ಟರಿಗೆ ಅವಳ ಗುರುತೇ ಸಿಗಲಿಲ್ಲ. ಅದನ್ನು ಕಂಡು ಅವಳ ಒಡಲು ಧಗ್ಗೆಂದಿತು.

“ಗ್ಯಾಸು” ಎಂದ.

“ಕೈ ಇಟ್ಟು ನೋಡಿ!”

ತುಂಬಿದ ಬಸ್ಸಿನಲ್ಲಿ ಜನರನ್ನು ಹಿಂದಕ್ಕೆ ಸರಿಸುತ್ತಿದ್ದ ಗಂಟಲು ಅದು. ಇಡೀ ವಾರ್ಡು ತಿರುಗಿ ನೋಡಿತು. ಆತ ಕೈ ಇಟ್ಟ.

ಮರುದಿನ ಮತ್ತೆ ಬಂದಳು. ಅದರ ಮರುದಿನವೂ ಬಂದಳು. ರಕ್ತ, ಸ್ಕ್ಯಾನು ಎಲ್ಲ ಸರಿಯಿದ್ದವು.

“ನಿಮಗೆ ಏನೂ ಆಗಿಲ್ಲಮ್ಮ.”

“ನನ್ನ ತಂಗಿಗೂ ಹಂಗೇ ಅಂದಿದ್ರಿ.”

“ಯಾವ ತಂಗಿ?”

“ತವರಿನವಳು.”

ಅವಳ ಹೊಟ್ಟೆಯ ಮೇಲಿದ್ದ ಅವನ ಬೆರಳುಗಳು ತಣ್ಣಗಾದವು. ಅಂದು ಅವಳು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಆಟ ಹೀಗೇ ನಡೆಯುತ್ತಿದ್ದಾಗ ಒಂದು ದಿನ ನರ್ಸಮ್ಮ ಬಂದು ಪರದೆ ಸರಿಸಿದಳು. ದಮ್ಮಿನ ಅಜ್ಜನೊಬ್ಬ ಸ್ಟೂಲಿನ ಮೇಲೆ ಕೂತು ಬಾಯಿ ಬಾಯಿ ಬಿಡುತ್ತಿದ್ದ.

“ಇವ್ರೂ ಪದೇ ಪದೇ ಬರೋರೇ. ನಿಮ್ಮ ಹಗೆ ನಿಮಗಿರ್ಲಿ ಅಕ್ಕಾ, ಮಂಚ ಇವರಿಗೆ ಬಿಡಿ.”

ಅವಳು ತಟ್ಟನೆ ಎದ್ದಳು. ಅಜ್ಜನ ಮುಖ ನೋಡಲು ನಾಚಿಕೆಯಾಯಿತು. ಆದರೆ ಒಳಗಿನ ಬೆಂಕಿ ಆರಲಿಲ್ಲ. ಮರುದಿನದಿಂದ ಡಾಕ್ಟರ ಮೇಜಿನ ಎದುರು ಬೆಂಚಿನಲ್ಲಿ ಕೂರತೊಡಗಿದಳು. ಆತ ಕಾವಲುಗಾರನನ್ನು ಕಳಿಸಿದ. ಅವನು ಅವಳ ಬಸ್ಸಿನ ದಿನದ ಗಿರಾಕಿ. ಸೂರು ನೋಡುತ್ತಾ ನಿಂತು, ಹಾಗೇ ಹೊರಟುಹೋದ.

ಪದೇ ಪದೇ ಬರುವ ರೋಗಿಗಳನ್ನು ಕಂಡು ಡಾಕ್ಟರು ತಮಾಷೆಗೆ ಬಾಯಿ ತೆರೆಯುವುದೇ ತಡ, “ಡಾಕ್ಟ್ರೇ, ಕೈ ಇಟ್ಟು ನೋಡಿದ್ರಾ?” ಎಂದು ಕೂಗುತ್ತಿದ್ದಳು. ಆತ ಹಲ್ಲು ಕಡಿದುಕೊಂಡು ಎದ್ದು ಹೋಗಿ ರೋಗಿಯನ್ನು ಮುಟ್ಟಿ ನೋಡುತ್ತಿದ್ದ. ಹಾಗೆ ನೋಡಿದಾಗಲೇ, ಎಲ್ಲರೂ ಬೈದು ಅಟ್ಟುತ್ತಿದ್ದ ಕುಡುಕನೊಬ್ಬನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದು ಸಿಕ್ಕಿತು. ಅವನು ಬದುಕಿಕೊಂಡ. ನರ್ಸಮ್ಮ ಖುಷಿಯಿಂದ ಬಂದು ಹೇಳಿದಳು. ಅಕ್ಕನಿಗೆ ಸಿಟ್ಟು ದುಪ್ಪಟ್ಟಾಯಿತು. ಹಾಗಾದರೆ ಇವನಿಗೆ ನೋಡಲು ಬರುತ್ತಿತ್ತು! ತಂಗಿಯನ್ನು ಮಾತ್ರ ನೋಡಿರಲಿಲ್ಲ.

ಒಂದು ಸಂಜೆ ಆತನೇ ಬಂದು ಬೆಂಚಿನ ತುದಿಯಲ್ಲಿ ಕೂತ. ಕಣ್ಣು ಗುಳಿಬಿದ್ದಿದ್ದವು.

“ತಪ್ಪಾಯ್ತು. ಕ್ಷಮೆ ಕೇಳ್ತಿದ್ದೀನಿ.”

“ಕೇಳಿ. ನಾನು ಕೊಡಲ್ಲ.”

“ಇನ್ನೂ ಎಷ್ಟು ದಿನ ಹೀಗೆ?”

“ನಾನಿಲ್ದೇ ಇದ್ರೂ ನೀವು ಎದ್ದು ನೋಡೋವರೆಗೂ.”

“ಆಮೇಲೆ?”

“ಆಮೇಲೂ ಬರ್ತೀನಿ.”

ಆತ ಅವರಿವರ ಕೈಕಾಲು ಹಿಡಿದು ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡ. ಸುದ್ದಿ ಕೇಳಿದ ದಿನವೇ ಅಕ್ಕ ಡಿಪೋಗೆ ಹೋಗಿ, ಮ್ಯಾನೇಜರನ ಜೊತೆ ಗಂಟಲು ಹರಿಯುವಂತೆ ಜಗಳವಾಡಿ, ಆ ಕಡೆ ಹೋಗುವ ಬಸ್ಸಿಗೆ ಡ್ಯೂಟಿ ಹಾಕಿಸಿಕೊಂಡಳು.