ಮೂರನೆಯ ಗಡಿಯಾರ

"ಕತ್ತರಿ ಹಿಡ್ಕೊಂಡು ಅಲ್ಲೇನು ನೋಡ್ತಿದ್ದೀರಮ್ಮಾ? ಎಲ್ಲಾ ಕಾಯ್ತಿದ್ದಾರೆ," ಎಂದ ಈಜು ಸಂಘದ ಕಾರ್ಯದರ್ಶಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ.

ಆಕೆ ನೋಡುತ್ತಿದ್ದದ್ದು, ತಾನು ರಿಬ್ಬನ್ ಕತ್ತರಿಸಿ ಉದ್ಘಾಟಿಸಬೇಕಿದ್ದ ಹೊಸ ಈಜುಕೊಳದ ಗೋಡೆಯ ಮೇಲಿನ ದಾಖಲೆ ಫಲಕವನ್ನು. ಹೆಂಗಸರ ನೂರು ಮೀಟರಿನ ಮೊದಲ ದಾಖಲೆಯೆಂದು, ಆಕೆ ಈಜಿ ಒಂಬತ್ತು ವರ್ಷವಾದ ಮೇಲೆ ಈಜಿದ ಇನ್ನೊಬ್ಬಳ ಹೆಸರಿತ್ತು. ಅದೂ ಆಕೆಗಿಂತ ಎರಡು ಸೆಕೆಂಡು ನಿಧಾನ.

ಈ ಊರಿನಲ್ಲಿ ಸ್ಪರ್ಧೆಗೆಂದು ಮೊದಲು ನೀರಿಗಿಳಿದ ಹೆಣ್ಣು ಆಕೆ. ಆಗ ಕೊಳದ ನೀರನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದರು. ಗಂಡಸರು ಆರು ದಿನ ಈಜಿ ಹಸಿರುಗಟ್ಟಿಸಿದ ಮೇಲೆ, ಖಾಲಿ ಮಾಡುವ ಮುಂಚಿನ ಒಂದು ಗಂಟೆ ಆಕೆಯದು. "ನೀರಿಗೆ ಕಣ್ಣಿಲ್ಲ ಮಗಳೇ, ಯಾರು ಇಳಿದರೂ ತೇಲಿಸುತ್ತೆ," ಎನ್ನುತ್ತಿದ್ದಳು ಅಜ್ಜಿ. ಪಾಪ, ಅಜ್ಜಿಗೇನು ಗೊತ್ತು, ಕಣ್ಣಿದ್ದದ್ದು ದಡಕ್ಕೆ.

ದಾಖಲೆಯಾಗಲು ಒಂದೊಂದು ಲೇನಿಗೂ ಮೂವರು ಕೂತು, ಮೂರು ಗಡಿಯಾರಗಳಲ್ಲಿ ಸಮಯ ಅಳೆಯಬೇಕು. ಆ ದಿನ ಆಕೆಯ ಲೇನಿಗೆ ಕೂತಿದ್ದವನು ಒಬ್ಬನೇ. ಇನ್ನಿಬ್ಬರು, ಹೆಂಗಸರ ಈಜು ತಾನೇ ಎಂದು ಚಹಾಕ್ಕೆ ಎದ್ದುಹೋಗಿದ್ದರು. ಆ ಒಬ್ಬ ಈಗ ತಲೆ ನಡುಗುವ ಮುದುಕ. ಮುಂದಿನ ಸಾಲಿನಲ್ಲೇ ಕೂತಿದ್ದ.

"ನಾನು ಬರ್ಕೊಂಡಿದ್ದೆನಮ್ಮ. ಆದ್ರೆ ಒಂದೇ ಗಡಿಯಾರ ನಡೆಯಲ್ಲ ಅಂದ್ರು. ನಿಯಮ..."

"ಅವರನ್ನ ಕೂಗಿ ಕರೀಬಾರದಿತ್ತಾ? ನಾನು ನೀರಲ್ಲಿದ್ದೆ. ನಿಮ್ಮ ಬಾಯಲ್ಲೂ ನೀರಿತ್ತಾ?"

"ಹಳೇದೆಲ್ಲಾ ಯಾಕಮ್ಮಾ," ಕಾರ್ಯದರ್ಶಿ ನಕ್ಕ. "ಇವತ್ತು ನಿಮಗೇ ಸನ್ಮಾನ ಇದೆ."

"ಹೂಗುಚ್ಛ ಕೊಟ್ಟು ಬಾಯಿ ಮುಚ್ಚಿಸೋದಾ?"

ರಿಬ್ಬನ್ ಕತ್ತರಿಸಿದೊಡನೆ ಹುಡುಗಿಯರ ಸ್ಪರ್ಧೆ. ಅವರಾಗಲೇ ಟೋಪಿ ಬಿಗಿದು ನಿಂತಿದ್ದರು. ಆಕೆಯ ಕಣ್ಣು, ಯಾರೂ ಹೇಳದಿದ್ದರೂ, ಲೇನುಗಳ ಹಿಂದಿನ ಕುರ್ಚಿಗಳಲ್ಲಿ ಕೂತವರನ್ನು ಎಣಿಸಿತು. ಮೂವರು, ಮೂವರು, ಮೂವರು. ನಾಲ್ಕನೆಯ ಲೇನಿಗೆ ಇಬ್ಬರೇ. ಖಾಲಿ ಕುರ್ಚಿಯ ಮೇಲೆ ಗಡಿಯಾರವೊಂದು ಅಂಗಾತ ಬಿದ್ದಿತ್ತು.

"ಇಲ್ಲಿಯವನೆಲ್ಲಿ?"

"ಚಹಾ ಕುಡೀತಿರಬೇಕು, ಬರ್ತಾನೆ. ಹುಡುಗೀರದು ತಾನೇ ಅಮ್ಮಾ, ಇಬ್ಬರು ಸಾಕು."

ಆಕೆಯ ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿತು. ರಿಬ್ಬನ್ನಿನಡಿ ಬಗ್ಗಿ ಆಚೆಗೆ ದಾಟಿದಳು.

"ಅಮ್ಮಾ, ರಿಬ್ಬನ್ನು!"

"ಚಹಾ ಕುಡಿದು ಬರ್ತಾನಲ್ಲಪ್ಪಾ, ಅವನೇ ಹಲ್ಲಿಂದ ಹರೀಲಿ!"

ಆಕೆ ಆ ಕುರ್ಚಿಯಲ್ಲಿ ಕೂತಳು. ನಾಲ್ಕನೆಯ ಲೇನಿನ ಹುಡುಗಿ ಒಮ್ಮೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ಬಾಗಿದಳು. ಆಕೆಯ ಮಡಿಲಲ್ಲಿ ಕತ್ತರಿ, ಅಂಗೈಯಲ್ಲಿ ಗಡಿಯಾರ, ಹೆಬ್ಬೆರಳು ಗುಂಡಿಯ ಮೇಲೆ. ಇನ್ನೂ ಯಾರೂ ಇಳಿಯದ ನೀರು, ತಳದ ಕಪ್ಪು ಗೆರೆ ಕಾಣುವಷ್ಟು ತಿಳಿಯಾಗಿ ನಿಂತಿತ್ತು.